ಕರಡಿ ಸೀಮೆಯಲ್ಲಿ ರಾತ್ರಿ ಪಯಣ: ದೀಪದ ಬೆಳಕನ್ನು ಮೀರಿದ ವೇಗವೇ ಅಪಾಯ

ಕೂಡ್ಲಿಗಿ: ಬೆಂಗಳೂರಿನಿಂದ ಹಂಪಿಗೆ, ಹೊಸಪೇಟೆಗೆ, ಅಲ್ಲಿಂದಾಚೆ ವಿಜಯಪುರಕ್ಕೆ ಕಾರಿನಲ್ಲಿ ಹೊರಡುವ ನಗರವಾಸಿಗಳಿಗೆ ಚಿತ್ರದುರ್ಗ ದಾಟಿದ ಮೇಲಿನ ಸೀಮೆಯೆಂದರೆ ಬರೀ ಬಯಲು. ಇಕ್ಕೆಲಗಳಲ್ಲಿ ಕಲ್ಲುಗುಡ್ಡ, ಕುರುಚಲು ಗಿಡ, ಶೇಂಗಾ ಹೊಲ, ನಡುವೆ ಉದ್ದಕ್ಕೂ ನೇರವಾಗಿ ಮಲಗಿದ ಹೆದ್ದಾರಿ. ಇಲ್ಲಿ ಕಾಡು ಇದೆಯೆಂಬ ಭಾವನೆ ಯಾರಿಗೂ ಬರುವುದಿಲ್ಲ. ಅಪಾಯ ಆರಂಭವಾಗುವುದೂ ಈ ಭಾವನೆಯಿಂದಲೇ.

ಬಂಡೀಪುರದ ರಸ್ತೆಯಲ್ಲಿ ಗೇಟು ಇದೆ, ತಪಾಸಣೆ ಇದೆ, ಸಾಲುಸಾಲು ಉಬ್ಬುಗಳಿವೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಾಮಾನ್ಯ ವಾಹನ ಸಂಚಾರಕ್ಕೆ ನಿರ್ಬಂಧವಿದ್ದು, 2010ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂತಹ ದಾರಿಯಲ್ಲಿ ಸಾಗುವವನಿಗೆ ತಾನು ಪ್ರಾಣಿಗಳ ನೆಲದಲ್ಲಿದ್ದೇನೆಂಬ ಎಚ್ಚರ ತಾನಾಗಿಯೇ ಮೂಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರಸ್ತೆಗಳಲ್ಲಿ ಅಂತಹ ಬಾಗಿಲೇನೂ ಇಲ್ಲ. ಕಾಡು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆದು ತೋರಿಸುವುದು ಅರಣ್ಯ ಇಲಾಖೆಯ ನಕ್ಷೆಯಲ್ಲಿ ಮಾತ್ರ ಸಾಧ್ಯ. ಕರಡಿಗೆ ಆ ನಕ್ಷೆ ಗೊತ್ತಿಲ್ಲ.

ಗುಡ್ಡದಿಂದ ಹೊಲಕ್ಕೆ, ಹೊಲದಿಂದ ಕೆರೆಗೆ

ಈ ಭಾಗದ ಕಲ್ಲುಗುಡ್ಡಗಳು ನೋಡುವವರಿಗೆ ಬರಡಾಗಿ ಕಂಡರೂ ಅವುಗಳ ಬಂಡೆಗಳ ನಡುವಿನ ಗವಿ, ಸಂದುಗಳು ಕರಡಿಗಳಿಗೆ ಹೇಳಿಮಾಡಿಸಿದ ಮನೆಗಳು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಹೆಸರು ನಾಡಿಗೆಲ್ಲ ಗೊತ್ತು. ಅದಕ್ಕೆ ಹೋಲಿಸಿದರೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ ಪ್ರವಾಸಿಗರಿಗೆ ಅಷ್ಟಾಗಿ ಪರಿಚಿತವಲ್ಲ. 2013ರಲ್ಲಿ ಘೋಷಣೆಯಾದ ಈ ಧಾಮದ ಸುತ್ತಲಿನ ಗುಡ್ಡಗಳೆಲ್ಲ ಕರಡಿಯ ನೆಲೆಗಳೇ. ದಕ್ಷಿಣಕ್ಕೆ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ವನ್ಯಧಾಮವಿದ್ದು, ಅದನ್ನು 2011ರಲ್ಲಿ ಕೊಂಡುಕುರಿಯ ರಕ್ಷಣೆಗಾಗಿಯೇ ಘೋಷಿಸಲಾಯಿತು. ತಲೆಯ ಮೇಲೆ ನಾಲ್ಕು ಕೊಂಬುಳ್ಳ ಈ ಪುಟ್ಟ ಪ್ರಾಣಿ ಹಿಂಡಿನಲ್ಲಿ ಇರುವುದಿಲ್ಲ. ಒಂಟಿಯಾಗಿ ಅಥವಾ ಜೋಡಿಯಾಗಿ ಪೊದೆಯಲ್ಲಿ ಅವಿತಿದ್ದು, ಕೊನೆಯ ಗಳಿಗೆಯಲ್ಲಿ ಚಂಗನೆ ಜಿಗಿಯುತ್ತದೆ. ಪಶ್ಚಿಮದಲ್ಲಿ ತುಂಗಭದ್ರೆಯ ಆಚೆ ದಡಕ್ಕೆ 1974ರಲ್ಲಿ ಸ್ಥಾಪನೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ. ನದಿಯ ಈಚೆಗೆ ಹಡಗಲಿ ಸೀಮೆಯ ಎರೆಹೊಲಗಳಲ್ಲೂ ಕೃಷ್ಣಮೃಗಗಳ ಹಿಂಡುಗಳಿದ್ದು, ರೈತರು ಅವನ್ನು 'ಜಿಂಕೆ' ಎಂದೇ ಕರೆದು, ಎಳೆಯ ಬೆಳೆ ಮೇಯುತ್ತವೆಂದು ಬೈಯುತ್ತಾರೆ.

ಇವುಗಳೊಂದಿಗೆ ಚಿರತೆ, ಕತ್ತೆಕಿರುಬ, ತೋಳ, ನರಿ, ಮುಳ್ಳುಹಂದಿ, ಕಾಡುಹಂದಿ, ಮೊಲ, ಉಡ, ನಕ್ಷತ್ರ ಆಮೆ. ನವಿಲುಗಳಿಗಂತೂ ಬರವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರ ಜನವರಿಯಲ್ಲಿ ರಾಮ್ಸರ್ ತಾಣವಾಗಿ ಮಾನ್ಯತೆ ಪಡೆಯಿತು. ಮುಳುಗಿ ನಿಂತ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಸಾವಿರಾರು ನೀರುಹಕ್ಕಿಗಳನ್ನು ನೋಡಲು ಬರುವವರ ಸಂಖ್ಯೆ ಹೆಚ್ಚಿದಷ್ಟೂ ಮುಂಜಾವು, ಮುಸ್ಸಂಜೆಗಳಲ್ಲಿ ಈ ಹಳ್ಳಿರಸ್ತೆಗಳ ಮೇಲಿನ ಕಾರುಗಳೂ ಹೆಚ್ಚುತ್ತವೆ.

ಕರಡಿಯ ದಿನಚರಿಯನ್ನು ಅರಿತರೆ ಅರ್ಧ ಅಪಾಯ ತಪ್ಪಿದಂತೆ. ಹಗಲೆಲ್ಲ ಗವಿಯಲ್ಲಿ ಮಲಗುವ ಕರಡಿ ಹೊತ್ತು ಮುಳುಗುವ ಸಮಯಕ್ಕೆ ಕೆಳಗಿಳಿಯುತ್ತದೆ. ಗೆದ್ದಲು, ಇರುವೆ, ಜೇನು, ಬಾರೆಹಣ್ಣು, ಈಚಲಹಣ್ಣು, ಸೀತಾಫಲ ಅದರ ನಿತ್ಯದ ಆಹಾರ. ಗುಡ್ಡದ ಬುಡದಲ್ಲೇ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿ ಬೆಳೆದಿದ್ದರೆ ಅದನ್ನೂ ಬಿಡುವುದಿಲ್ಲ. ತಿಂದಾದ ಮೇಲೆ ನೀರು ಬೇಕು; ನೀರಿರುವುದು ಕೆರೆಯಲ್ಲಿ. ಗುಡ್ಡ, ಹೊಲ, ಕೆರೆ ಈ ಮೂರನ್ನೂ ಕೂಡಿಸುವ ದಾರಿಗೆ ಅಡ್ಡವಾಗಿ ರಸ್ತೆ ಹಾದುಹೋಗಿದೆ. ಬೆಳಗಿನ ಜಾವ ಮತ್ತೆ ಅದೇ ರಸ್ತೆ ದಾಟಿ ಗುಡ್ಡ ಸೇರಬೇಕು. ಹೀಗಾಗಿ ಒಂದು ಕರಡಿ ಒಂದು ರಾತ್ರಿಯಲ್ಲಿ ಕನಿಷ್ಠ ಎರಡು ಬಾರಿ ಡಾಂಬರಿನ ಮೇಲೆ ಕಾಲಿಡಬೇಕಾಗುತ್ತದೆ. ಅದರ ಮೂಗು ಬಲು ಚುರುಕು, ಕಣ್ಣು ಮಂದ. ನೆಲ ಮೂಸುತ್ತಾ ತಲೆ ತಗ್ಗಿಸಿ ನಡೆಯುವ ಪ್ರಾಣಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ವಸ್ತುವಿನ ದೂರವನ್ನು ಅಂದಾಜಿಸುವ ಶಕ್ತಿ ಇಲ್ಲ.

ಬೇಸಿಗೆಯಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಹೆಣ್ಣು ಕರಡಿಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ಗವಿಯೊಳಗೆ ಮರಿ ಹಾಕುತ್ತವೆ. ಎರಡು, ಮೂರು ತಿಂಗಳ ಬಳಿಕ ತಾಯಿ ಹೊರಬರುವಾಗ ಒಂದೋ ಎರಡೋ ಮರಿಗಳು ಅವಳ ಬೆನ್ನಿನ ಉದ್ದ ಕೂದಲನ್ನು ಹಿಡಿದು ಸವಾರಿ ಮಾಡುತ್ತಿರುತ್ತವೆ. ಬೆನ್ನ ಮೇಲೆ ಮರಿ ಹೊರುವ ಪದ್ಧತಿ ಕರಡಿಗಳ ಜಾತಿಯಲ್ಲೇ ನಮ್ಮ ಈ ಕರಡಿಯ ವಿಶೇಷ. ಮಾರ್ಚ್‌ನಿಂದ ಮಳೆಗಾಲದವರೆಗೆ ರಸ್ತೆಯಲ್ಲಿ ಒಂದು ತಾಯಿ ಕರಡಿ ಸತ್ತಿತೆಂದರೆ ಸತ್ತದ್ದು ಒಂದೇ ಎಂದು ಲೆಕ್ಕ ಹಾಕುವಂತಿಲ್ಲ.

ಮೀಟರ್ ಲೆಕ್ಕ

ರಾತ್ರಿ ಪ್ರಾಣಿಗೆ ಡಿಕ್ಕಿ ಹೊಡೆದ ಬಹುತೇಕ ಚಾಲಕರು ಹೇಳುವ ಮಾತು ಒಂದೇ: 'ಎಲ್ಲಿಂದ ಬಂತೋ ಗೊತ್ತಾಗಲಿಲ್ಲ.' ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಏಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಶಾಲೆಯ ಗಣಿತವೇ ಉತ್ತರ ಕೊಡುತ್ತದೆ.

ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸು ಗುರುತಿಸಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದಿರುತ್ತದೆ; ವಾಹನ 33 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ, ರಸ್ತೆ ಒಣಗಿದ್ದು ಟಯರ್ ಚೆನ್ನಾಗಿದ್ದರೂ, ನಿಲ್ಲಲು ಮತ್ತೆ 35 ಮೀಟರಿಗೂ ಹೆಚ್ಚು ಬೇಕು. ಒಟ್ಟು ಸುಮಾರು 70 ಮೀಟರ್. ವೇಗ 100 ಆದರೆ ಈ ದೂರ ನೂರು ಮೀಟರಿನ ಹತ್ತಿರ. ವೇಗ 60ಕ್ಕೆ ಇಳಿದರೆ 45 ಮೀಟರ್. 40ಕ್ಕೆ ಇಳಿದರೆ 26 ಮೀಟರ್ ಸಾಕು. ಇತ್ತ ಕಾರಿನ ಡಿಪ್ ದೀಪ ಸರಿಯಾಗಿ ತೋರಿಸುವುದು ಹೆಚ್ಚೆಂದರೆ 40ರಿಂದ 60 ಮೀಟರ್. ಎದುರಿನಿಂದ ವಾಹನ ಬರುತ್ತಿರುವಾಗ ಡಿಪ್ ಹಾಕಿಕೊಂಡು 80ರಲ್ಲಿ ಓಡಿಸುವವನು ತನಗೆ ಕಾಣದ ನೆಲದ ಮೇಲೆ ಓಡಿಸುತ್ತಿದ್ದಾನೆಂದೇ ಅರ್ಥ. ಮಳೆ ಬಿದ್ದಿದ್ದರೆ, ಲಾರಿ ತುಂಬ ಸರಕಿದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ.

ಕರಡಿಯ ವಿಷಯದಲ್ಲಿ ಬಣ್ಣವೂ ಶತ್ರು. ಕಪ್ಪು ಡಾಂಬರಿನ ಮೇಲೆ ಕಪ್ಪು ಕೂದಲಿನ ಪ್ರಾಣಿ ಬೆಳಕನ್ನು ಹಿಂದಿರುಗಿಸುವುದಿಲ್ಲ. ಎಮ್ಮೆಯ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಅನೇಕ ಕಾಡುಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದ್ದು, ಬೆಳಕು ಬಿದ್ದಾಗ ಕೆಂಡದಂತೆ, ಹಸಿರು ದೀಪದಂತೆ ಹೊಳೆಯುತ್ತದೆ. ಚಾಲಕರು ಆ ಹೊಳಪನ್ನೇ ನಂಬಿರುತ್ತಾರೆ. ಆದರೆ ಹಂದಿಯ ಕಣ್ಣಿನಲ್ಲಿ ಆ ಪದರವಿಲ್ಲ. ನೂರು ಕಿಲೋ ತೂಗಬಲ್ಲ ಕಾಡುಹಂದಿ ರಸ್ತೆಯ ಅಂಚಿನಲ್ಲಿ ನಿಂತಿದ್ದರೂ ಅದರ ಕಣ್ಣು ಹೊಳೆಯದು. ದ್ವಿಚಕ್ರ ವಾಹನ ಸವಾರರಿಗೆ ಈ ಸೀಮೆಯಲ್ಲಿ ಕರಡಿಯಷ್ಟೇ ಹೆದರಬೇಕಾದದ್ದು ಹಂದಿಗೂ. ಅದು ಒಂದೇ ಬರುವುದಿಲ್ಲ. ಮುಂದೆ ದೊಡ್ಡದು ದಾಟಿತೆಂದರೆ ಹಿಂದೆ ಮರಿಗಳ ಸಾಲು ಇದ್ದೇ ಇರುತ್ತದೆ. ಕೃಷ್ಣಮೃಗದ ಹಿಂಡೂ ಹಾಗೆಯೇ. ಮೊದಲನೆಯದು ದಾಟಿದ್ದನ್ನು ಕಂಡು 'ಹೋಯಿತಲ್ಲ' ಎಂದು ಆಕ್ಸಿಲರೇಟರ್ ಒತ್ತುವವರು ಎರಡನೆಯದಕ್ಕೆ, ಮೂರನೆಯದಕ್ಕೆ ಗುದ್ದುತ್ತಾರೆ.

ಪ್ರಾಣಿ ಎದುರಾದಾಗ ಸ್ಟೀರಿಂಗ್ ತಿರುಗಿಸುವುದು ಸಹಜ ಪ್ರವೃತ್ತಿ. ಅದನ್ನು ತಡೆದುಕೊಳ್ಳಬೇಕು. ವೇಗದಲ್ಲಿ ಥಟ್ಟನೆ ತಿರುಗಿಸಿದ ವಾಹನ ಪಲ್ಟಿಯಾಗಬಹುದು, ಮರಕ್ಕೋ ಎದುರಿನ ಲಾರಿಗೋ ಅಪ್ಪಳಿಸಬಹುದು. ಮೊಲ ಉಳಿಸಲು ಹೋಗಿ ಮನೆಮಂದಿಯನ್ನೆಲ್ಲ ಕಳೆದುಕೊಳ್ಳುವುದಕ್ಕೆ ಇಷ್ಟೇ ಸಾಕು. ನೇರ ಗೆರೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದು, ಹೈಬೀಮ್ ಇದ್ದರೆ ಡಿಪ್ಪಿಗೆ ಇಳಿಸಿ, ಚಿಕ್ಕದಾಗಿ ಒಂದೆರಡು ಬಾರಿ ಹಾರನ್ ಮಾಡುವುದು ಸರಿಯಾದ ಕ್ರಮ. ಕಣ್ಣಿಗೆ ನೇರ ಬೆಳಕು ಬಿದ್ದ ಪ್ರಾಣಿ ದಿಕ್ಕು ತೋಚದೆ ನಿಂತಲ್ಲೇ ನಿಲ್ಲುತ್ತದೆ. ಮೊಲವಂತೂ ಬೆಳಕಿನ ಪಟ್ಟಿಯೊಳಗೇ ಅತ್ತಿತ್ತ ಓಡುತ್ತದೆಯೇ ಹೊರತು ಕತ್ತಲಿಗೆ ಹಾರುವುದಿಲ್ಲ. ಬೆಳಕು ತಗ್ಗಿಸಿದರೆ ಅದಕ್ಕೆ ದಾರಿ ಕಾಣುತ್ತದೆ. ಹಿಂದೆ ಬರುವ ವಾಹನಕ್ಕೆ ನಾಲ್ಕೂ ಇಂಡಿಕೇಟರ್ ಹಾಕಿ ಸೂಚನೆ ಕೊಡುವುದನ್ನು ಮರೆಯಬಾರದು.

ಕರಡಿ ರಸ್ತೆಯಲ್ಲಿ ನಿಂತಿದ್ದರೆ ಕಾರಿನಿಂದ ಇಳಿಯುವ, ಗಾಜು ಇಳಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುವ ಸಾಹಸ ಬೇಡ. ಬೆದರಿದ ಕರಡಿ ಓಡಿಹೋಗುವುದಕ್ಕಿಂತ ಮೇಲೆರಗುವುದೇ ಹೆಚ್ಚು. ಬೈಕಿನಲ್ಲಿದ್ದವರು ದೂರದಲ್ಲೇ ನಿಂತು, ದೀಪ ಆರಿಸದೆ, ಅದು ದಾಟಿ ಮರೆಯಾದ ಮೇಲೂ ಒಂದೆರಡು ನಿಮಿಷ ಕಾದು ಹೊರಡುವುದು ಕ್ಷೇಮ.

ರಸ್ತೆಯೇ ಕಣ

ಈ ಸೀಮೆಯ ರಸ್ತೆಗಳಿಗೆ ಇನ್ನೊಂದು ಉಪಯೋಗವಿದೆ. ಸುಗ್ಗಿ ಬಂತೆಂದರೆ ಹುರುಳಿ, ನವಣೆ, ಸಜ್ಜೆ, ರಾಗಿಯ ತೆನೆಯನ್ನು ಡಾಂಬರಿನ ಮೇಲೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ರೂಢಿ. ಹರಪನಹಳ್ಳಿ ಕಡೆಯಲ್ಲಿ ಮೆಕ್ಕೆಜೋಳದ ರಾಶಿ ಒಣಗುವುದೂ ರಸ್ತೆಯ ಮೇಲೆಯೇ. ರಾತ್ರಿ ಅದಕ್ಕೆ ತಾಡಪಾಲು ಹೊದಿಸಿ, ಸುತ್ತ ದಪ್ಪ ಕಲ್ಲುಗಳನ್ನಿಟ್ಟಿರುತ್ತಾರೆ. ಕಣ ಮಾಡಲು ಜಾಗವಿಲ್ಲದ, ಕೂಲಿಗೆ ಹಣವಿಲ್ಲದ ಸಣ್ಣ ರೈತನನ್ನು ದೂರುವುದು ಸುಲಭ. ಆದರೆ ಆ ಕಲ್ಲಿಗೆ ಬೈಕು ಗುದ್ದಿದರೆ ಸಾಯುವವನೂ ಪಕ್ಕದೂರಿನ ಸಣ್ಣ ರೈತನೇ ಆಗಿರುತ್ತಾನೆ. ರಾಶಿಯ ಬಳಿ ಒಂದು ಕೆಂಪು ಪ್ರತಿಫಲಕವನ್ನಾದರೂ ಇಡಿಸುವ ಕೆಲಸವನ್ನು ಗ್ರಾಮ ಪಂಚಾಯಿತಿಗಳು ಮಾಡಬಹುದಾಗಿದೆ.

ಚೆಲ್ಲಿದ ಕಾಳಿಗೆ ಹಗಲು ನವಿಲು, ಗೌಜುಗ, ಪಾರಿವಾಳ ಬರುತ್ತವೆ. ರಾತ್ರಿ ಇಲಿ ಬರುತ್ತದೆ. ಇಲಿಯ ಬೆನ್ನಿಗೆ ಹಾವು, ಗೂಬೆ, ಕಾಡುಬೆಕ್ಕು. ಕಾಳು ಒಣಗುವ ಜಾಗದಲ್ಲಿ ಇಷ್ಟೆಲ್ಲ ಸೇರುತ್ತವೆ ಎಂಬುದನ್ನು ಚಾಲಕ ಊಹಿಸಿಕೊಳ್ಳಬೇಕು. ಹುಲ್ಲಿನ ರಾಶಿಯ ಮೇಲೆ ಕಾರು ಓಡಿಸುವಾಗ ತೆನೆ ಕೆಳಭಾಗಕ್ಕೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತುವ ಅಪಾಯವೂ ಇದ್ದು, ಅಂತಹ ಕಡೆ ನಿಧಾನವಾಗಿ ಬದಿಗೆ ಸರಿದು ಹೋಗುವುದೇ ಲೇಸು.

ಮೊದಲ ಮಳೆಯ ರಾತ್ರಿಗಳಲ್ಲಿ ಕಪ್ಪೆಗಳು, ಅವುಗಳ ಹಿಂದೆ ಹಾವುಗಳು ರಸ್ತೆಗೆ ಬರುತ್ತವೆ. ಚಳಿಗಾಲದ ಸಂಜೆ ಡಾಂಬರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡಿರುವುದರಿಂದ ಕೊಳಕುಮಂಡಲದಂತಹವು ಅದರ ಮೇಲೆಯೇ ಮಲಗುತ್ತವೆ. ಕಲ್ಲಿನ ಚೂರಿನಂತೆ ಕಾಣುವ ನತ್ತಿಂಗ ಹಕ್ಕಿ ರಸ್ತೆಯ ನಡುವೆ ಕುಳಿತಿದ್ದು, ಚಕ್ರ ಹತ್ತಿರ ಬಂದಾಗಲಷ್ಟೇ ಹಾರುತ್ತದೆ. ಇವೆಲ್ಲ ಯಾರ ಲೆಕ್ಕಕ್ಕೂ ಸಿಗದ ಸಾವುಗಳು. ಚಿರತೆ ಸತ್ತರೆ ಸುದ್ದಿಯಾಗುತ್ತದೆ. ಆಮೆ ಸತ್ತರೆ ಬೆಳಗಾಗುವಷ್ಟರಲ್ಲಿ ಕಾಗೆಗಳ ಪಾಲು.

ಜಾತ್ರೆಯ ಕಾಲವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ ಕೇಳಲು ಎತ್ತಿನ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಜನ ಹರಿದುಬರುತ್ತಾರೆ. ಅದರ ಹಿಂದೆಯೇ ಕೊಟ್ಟೂರೇಶ್ವರ ತೇರು; ದಾವಣಗೆರೆ ಮುಂತಾದ ಕಡೆಗಳಿಂದ ಸಾವಿರಾರು ಭಕ್ತರು ಬಿಸಿಲು ತಪ್ಪಿಸಿಕೊಳ್ಳಲು ರಾತ್ರಿಯೇ ಪಾದಯಾತ್ರೆ ಹೊರಡುತ್ತಾರೆ. ಶಿವರಾತ್ರಿಯ ವೇಳೆಗೆ ಕುರುವತ್ತಿ ಜಾತ್ರೆ. ಬಂಡಿಗೆ ಹಿಂದೀಪವಿಲ್ಲ, ನಡೆಯುವವರ ಕೈಯಲ್ಲಿ ಟಾರ್ಚ್ ಇರುವುದು ಅಪರೂಪ. ಈ ವಾರಗಳಲ್ಲಿ ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ರಸ್ತೆಯನ್ನು ರಾತ್ರಿ ಬಳಸದೇ ಇರಲು ಸಾಧ್ಯವಿದ್ದರೆ ಬಳಸದಿರುವುದೇ ಉತ್ತಮ. ಕುರಿಹಿಂಡುಗಳ ವಲಸೆಗೆ ಮಾತ್ರ ಇಂತಹದೇ ತಿಂಗಳೆಂದಿಲ್ಲ. ಮುಂದೆ ಕುರಿಗಾರನ ಕಂಬಳಿ ಕಂಡರೆ ಹಿಂದೆ ಇನ್ನೂರು ಕುರಿ ಇವೆ ಎಂದೇ ತಿಳಿಯಬೇಕು.

ಗುದ್ದಿದ ಮೇಲೆ

ಡಿಕ್ಕಿ ಆಗಿಯೇ ಹೋದರೆ ಮೊದಲು ಮನುಷ್ಯರ ಕ್ಷೇಮ. ಗಾಯವಾಗಿದ್ದರೆ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಬೇಕು. ವನ್ಯಪ್ರಾಣಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಿ ನೀರು ಕುಡಿಸುವುದು, ಎತ್ತಿ ಬದಿಗಿಡುವುದು ಕರುಣೆಯಂತೆ ಕಂಡರೂ ಅಪಾಯಕಾರಿ. ನೋವಿನಲ್ಲಿರುವ ಚಿರತೆ, ಕರಡಿ, ಹಂದಿಗಳಿಗೆ ಎದುರಿಗಿರುವವನು ಉಪಕಾರಿಯೆಂದು ತಿಳಿಯುವುದಿಲ್ಲ.

ಸತ್ತ ಹಂದಿಯನ್ನೋ ಮೊಲವನ್ನೋ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ಪರಿಪಾಠ ಗುಟ್ಟಿನದೇನೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಸತ್ತು ಬಿದ್ದ ವನ್ಯಪ್ರಾಣಿ ಸರ್ಕಾರದ ಸ್ವತ್ತು. ತಾನು ಕೊಲ್ಲಲಿಲ್ಲ, ರಸ್ತೆಯಲ್ಲಿ ಸಿಕ್ಕಿತು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಕರಡಿ, ಚಿರತೆ, ಕೃಷ್ಣಮೃಗ, ಕೊಂಡುಕುರಿ, ನವಿಲು ಇವೆಲ್ಲ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದು, ಅವುಗಳಿಗೆ ಸಂಬಂಧಿಸಿದ ಅಪರಾಧಗಳಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ರಸ್ತೆಯಲ್ಲಿ ಬಿದ್ದ ಒಂದು ನವಿಲುಗರಿಯ ಆಸೆಗೆ ಹೆಣ ಮುಟ್ಟುವವರು ಇದನ್ನು ತಿಳಿದಿರಬೇಕು. ಮಾಹಿತಿ ಕೊಟ್ಟವನು ಸಿಕ್ಕಿಬೀಳುತ್ತಾನೆಂಬ ಭಯದಿಂದ ಓಡಿಹೋಗುವವರೇ ಹೆಚ್ಚು. ಆಕಸ್ಮಿಕವಾಗಿ ಆದ ಅಪಘಾತಕ್ಕೂ ಬೇಟೆಗೂ ವ್ಯತ್ಯಾಸವಿದೆ. ಸುದ್ದಿ ತಿಳಿಸದೆ ಹೋದಾಗಲೇ ಸಂಶಯ ಹುಟ್ಟುವುದು. ವಾಹನದ ವಿಮೆಯ ದೃಷ್ಟಿಯಿಂದಲೂ ದಾಖಲೆ ಬೇಕು. ಕೇವಲ ಮೂರನೇ ವ್ಯಕ್ತಿಯ ವಿಮೆ ಮಾಡಿಸಿದವರಿಗೆ ಪ್ರಾಣಿಗೆ ಗುದ್ದಿ ತಮ್ಮ ವಾಹನಕ್ಕಾದ ಹಾನಿಯ ಪರಿಹಾರ ದೊರೆಯುವುದಿಲ್ಲ. ಸಮಗ್ರ ವಿಮೆ ಇದ್ದವರು ಸ್ಥಳದ ಚಿತ್ರ ತೆಗೆದಿಟ್ಟು, ವಾಹನ ರಿಪೇರಿಗೆ ಬಿಡುವ ಮುನ್ನವೇ ಕಂಪನಿಗೆ ತಿಳಿಸಬೇಕು.

ರಸ್ತೆ ಅಗಲವಾಯಿತು, ದಾಟುವ ಹಾದಿ?

ಹಿಂದೆ 13ನೇ ನಂಬರಿನದಾಗಿದ್ದು ಈಗ 50 ಎಂದು ಕರೆಸಿಕೊಳ್ಳುವ ಚಿತ್ರದುರ್ಗ–ಹೊಸಪೇಟೆ ರಾಷ್ಟ್ರೀಯ ಹೆದ್ದಾರಿ ಅಗಲವಾದ ಬಳಿಕ ಕೂಡ್ಲಿಗಿ ದಾಟುವುದು ಸುಲಭವಾಗಿದೆ. ಮೊದಲು ಗುಂಡಿಗಳೇ ವೇಗಕ್ಕೆ ಕಡಿವಾಣ ಹಾಕಿದ್ದವು. ಈಗ ಗುಂಡಿ ಇಲ್ಲ, ಕಡಿವಾಣವೂ ಇಲ್ಲ. ಪ್ರಾಣಿಗೆ ದಾಟಬೇಕಾದ ಅಗಲ ಮಾತ್ರ ಹೆಚ್ಚಾಯಿತು. ನಡುವಿನ ವಿಭಜಕದಲ್ಲಿ ಬೆಳೆಸಿದ ಗಿಡಗಳು ಎದುರಿನ ಬೆಳಕನ್ನು ತಡೆಯುತ್ತವೆ ನಿಜ; ಅರ್ಧ ದಾಟಿದ ಪ್ರಾಣಿ ಅದೇ ಗಿಡಗಳ ಮರೆಯಲ್ಲಿ ನಿಂತು ಇನ್ನರ್ಧಕ್ಕೆ ಹಠಾತ್ತನೆ ಹಾರುತ್ತದೆ ಎಂಬುದೂ ನಿಜ. ಚಿರತೆಗಳಿಗೆ ರಸ್ತೆಗಳು ಗಂಭೀರ ಕಂಟಕವಾಗುತ್ತಿವೆಯೆಂದು ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2014ರಲ್ಲೇ ಕರ್ನಾಟಕದ ಪ್ರಕರಣಗಳನ್ನು ಮುಂದಿಟ್ಟು ಎಚ್ಚರಿಸಿದ್ದರು.

ಪರಿಹಾರ ಇಲ್ಲದಿಲ್ಲ. ಮಹಾರಾಷ್ಟ್ರ–ಮಧ್ಯಪ್ರದೇಶ ಗಡಿಯ ಪೆಂಚ್ ಕಾಡಿನಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವಾಗ ಪ್ರಾಣಿಗಳಿಗಾಗಿ ಕೆಳದಾರಿ ಮತ್ತು ಸಣ್ಣ ಸೇತುವೆಗಳೆಂದು ಒಟ್ಟು ಒಂಬತ್ತು ರಚನೆಗಳನ್ನು ನಿರ್ಮಿಸಲಾಯಿತು. ಹುಲಿಯೂ ಸೇರಿದಂತೆ ಹಲವು ಪ್ರಾಣಿಗಳು ಅವುಗಳಡಿ ನಡೆದುಹೋಗುವುದನ್ನು ಕ್ಯಾಮೆರಾಗಳು ಸೆರೆಹಿಡಿದಿವೆ. ಅದು ಹುಲಿ ಕಾಡು, ದೇಶದ ಕಣ್ಣು ಅದರ ಮೇಲಿತ್ತು. ಕರಡಿಯ ಕುರುಚಲು ಗುಡ್ಡಕ್ಕೆ ಅಷ್ಟು ಹಣ ಬರುವುದು ಸದ್ಯಕ್ಕೆ ಕಷ್ಟವೆನ್ನಬಹುದು. ಆದರೆ ಗುಡ್ಡ ಮತ್ತು ಕೆರೆಯ ನಡುವೆ ಈಗಾಗಲೇ ಇರುವ ಮೋರಿ, ಕಿರುಸೇತುವೆಗಳ ಬಾಯಿಗೆ ಕಸ ಸುರಿಯದಂತೆ ನೋಡಿಕೊಳ್ಳುವುದಕ್ಕೆ, ರಸ್ತೆಯಂಚಿನ ಪೊದೆ ಸವರಿ ನೋಟ ತೆರವು ಮಾಡುವುದಕ್ಕೆ, ಢಾಬಾಗಳು ಎಸೆಯುವ ಅನ್ನಕ್ಕೆ ಹಂದಿ ಬಾರದಂತೆ ತಡೆಯುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಗುಡೇಕೋಟೆ ಕಡೆಯ ಹಾಗೂ ಕೂಡ್ಲಿಗಿ–ಸಂಡೂರು ನಡುವಿನ ಕಿರಿದಾದ ರಸ್ತೆಗಳಲ್ಲಿ, ಕರಡಿ ಮತ್ತೆ ಮತ್ತೆ ದಾಟುವ ಜಾಗಗಳನ್ನು ಹಳ್ಳಿಯವರನ್ನೇ ಕೇಳಿ ಗುರುತಿಸಿ ಅಲ್ಲಿ ಉಬ್ಬು ಹಾಕಿದರೆ ಹತ್ತು ಫಲಕಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ. ಫಲಕ ಓದುವವರು ಕಡಿಮೆ, ಉಬ್ಬಿಗೆ ನಿಧಾನಿಸದವರಿಲ್ಲ.

ಪ್ರವಾಸ ಯೋಜಿಸುವವರಿಗೆ ಒಂದು ಸರಳ ಲೆಕ್ಕವಿದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ.; ಅಲ್ಲಿಂದ ಕೂಡ್ಲಿಗಿಗೆ ಮತ್ತೆ ಎಪ್ಪತ್ತೆಂಬತ್ತು. ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಗೆ ಹೊರಟವರು, ನಗರದ ದಟ್ಟಣೆ ದಾಟಿ, ನಡುವೆ ಚಹಾಕ್ಕೆ ನಿಂತು ಕೂಡ್ಲಿಗಿ ಸೀಮೆ ತಲುಪುವುದು ಏಳರ ಆಸುಪಾಸಿಗೆ. ಕರಡಿ ಗುಡ್ಡ ಇಳಿಯುವುದೂ ಆಗಲೇ. ಬೆಳಿಗ್ಗೆ ಏಳಕ್ಕೆ ಹೊರಟರೆ ಇದೇ ದಾರಿಯನ್ನು ನಡುಹಗಲಿನಲ್ಲಿ ದಾಟಬಹುದು. ತಡವಾಗಿಯೇ ಹೊರಡಬೇಕಾದವರು ಚಿತ್ರದುರ್ಗದಲ್ಲಿ ತಂಗುವುದು ಒಳ್ಳೆಯದು. ಅದೂ ಆಗದಿದ್ದರೆ ಹಳ್ಳಿರಸ್ತೆಯ ಅಡ್ಡದಾರಿಗಳನ್ನು ತೋರಿಸುವ ಮೊಬೈಲ್ ನಕ್ಷೆಯ ಮಾತು ಕೇಳದೆ ಮುಖ್ಯ ಹೆದ್ದಾರಿಯಲ್ಲೇ ಉಳಿದು, ಗಾಜಿನ ಧೂಳು ಒರೆಸಿಕೊಂಡು, ವೇಗವನ್ನು 60ಕ್ಕೆ ಕಟ್ಟಿಹಾಕಬೇಕು. ಎಪ್ಪತ್ತು ಕಿಲೋಮೀಟರ್ ದೂರವನ್ನು 80ರ ಬದಲು 60ರಲ್ಲಿ ಕ್ರಮಿಸಿದರೆ ಹೆಚ್ಚಿಗೆ ತಗಲುವುದು ಹದಿನೇಳು, ಹದಿನೆಂಟು ನಿಮಿಷ.